ದುರಗಪ್ಪನ ಅಡವಿ ಜಳಕ

ಬಾದಾಮಿಯಲ್ಲಿ ಶಹನಾಜ ಭಾನುವಾರದ ಬೆಳಗ್ಗೆ ಜನರನ್ನು ಗುಡ್ಡದ ಕಾಡಿಗೆ ಕರೆದುಕೊಂಡು ಹೋಗಲು ಶುರುಮಾಡಿದಾಗ ಓಣಿಯವರಿಗೆ ಅದೇನೆಂದು ತಿಳಿಯಲಿಲ್ಲ. ಗುಹೆ ತೋರಿಸುವ ಗೈಡುಗಳು ಊರಲ್ಲಿ ಬೇಕಾದಷ್ಟು ಜನ ಇದ್ದರು. ಇವಳು ಗುಹೆಯನ್ನೂ ತೋರಿಸುತ್ತಿರಲಿಲ್ಲ, ಗುಡಿಯನ್ನೂ ತೋರಿಸುತ್ತಿರಲಿಲ್ಲ. ನಾಲ್ಕೈದು ಜನರನ್ನು ಕರೆದುಕೊಂಡು ಮಹಾಕೂಟದ ಕಡೆಗೆ ಹೋಗುವ ಹಳೆಯ ಕಾಲುದಾರಿಯಲ್ಲಿ ತೀರಾ ನಿಧಾನವಾಗಿ ನಡೆಯುತ್ತಿದ್ದಳು. ಅಲ್ಲಲ್ಲಿ ನಿಲ್ಲಿಸಿ ಗಿಡದ ತೊಗಟೆ ಮುಟ್ಟಿಸುತ್ತಿದ್ದಳು, ಎಲೆ ಹೊಸಕಿ ಮೂಸಲು ಕೊಡುತ್ತಿದ್ದಳು. ಕೊನೆಗೆ ಒಬ್ಬೊಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ, ಮಾತಿಲ್ಲದೆ ಸುಮ್ಮನೆ ಇರಿ ಎನ್ನುತ್ತಿದ್ದಳು. ಏನಿದು ಎಂದು ಕೇಳಿದವರಿಗೆ ‘ಅಡವಿ ಜಳಕ’ ಎಂದು ಹೇಳುತ್ತಿದ್ದಳು.

ಟಂಟಂ ಆಟೋ ಓಡಿಸುವ ಅವಳ ಗಂಡ ಯುನೂಸನನ್ನು ಗೆಳೆಯರು ಸ್ಟ್ಯಾಂಡಿನಲ್ಲಿ ಚ್ಯಾಷ್ಟಿ ಮಾಡುತ್ತಿದ್ದರು. “ಇಷ್ಟ ದೊಡ್ಡ ಹೊಂಡ ಊರಾಗ ಇಟ್ಕೊಂಡು ಅಡವ್ಯಾಗ ಎಂಥಾ ಜಳಕಲೇ?”

“ನೀರಿಲ್ಲದ ಜಳಕ. ನೀನೂ ಒಂದಿನ ಬಾ, ನಿನಗ ಭಾಳ ಜರೂರ ಐತಿ,” ಎಂದು ಯುನೂಸ ನಗುತ್ತಿದ್ದ. ಆದರೆ ಅದು ನಗುವ ವಿಷಯವಲ್ಲ ಎಂದು ಅವನಿಗೆ ಗೊತ್ತಿತ್ತು.

ಶಹನಾಜ ಮೊದಲು ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದಳು. ಕೊರೊನಾದ ಎರಡನೇ ಅಲೆಯ ದಿನಗಳನ್ನು ಅವಳು ಐಸಿಯುನಲ್ಲೇ ಕಳೆದಳು. ಅದೆಲ್ಲ ಮುಗಿದು ಮನೆಗೆ ಬಂದ ಮೇಲೂ ಹಾಸಿಗೆಗಳ ಪಕ್ಕದ ಯಂತ್ರಗಳ ಸದ್ದು ಅವಳನ್ನು ಬಿಡಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದಳು. ಫೋನು ರಿಂಗಾದರೆ ಕೈ ನಡುಗುತ್ತಿತ್ತು. ನೌಕರಿ ಬಿಟ್ಟಳು. ಬೆಳಗ್ಗೆ ಎದ್ದು ಒಬ್ಬಳೇ ಗುಡ್ಡ ಹತ್ತಿ, ಬಂಡೆಯ ಮೇಲೆ ಕೂತು ಬರುವುದು ರೂಢಿಯಾಯಿತು. ಅಲ್ಲಿ ಯಾರೂ ಕರೆಯುವುದಿಲ್ಲ, ಯಾವುದೂ ಕಿರುಚುವುದಿಲ್ಲ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಕೈ ನಡುಗುವುದು ನಿಂತಿತ್ತು. ಇದನ್ನೇ ಹೇಳಿಕೊಡುವವರಿದ್ದಾರೆ ಎಂದು ಆಮೇಲೆ ತಿಳಿದು, ಹೋಗಿ ಕಲಿತು ಬಂದಳು. ಅರಣ್ಯ ಇಲಾಖೆಯವರನ್ನು ಕಂಡು ಅನುಮತಿ ತೆಗೆದುಕೊಂಡಳು. ಮೌನ ತನ್ನನ್ನು ಉಳಿಸಿದೆ, ಎಲ್ಲರನ್ನೂ ಉಳಿಸುತ್ತದೆ ಎಂದು ಅವಳು ಮನಸಾರೆ ನಂಬಿದ್ದಳು.

ಭಾದ್ರಪದದ ಒಂದು ಸಂಜೆ ಇಳಕಲ್ಲಿನಿಂದ ಶಿವಲೀಲಾ ಎಂಬ ಹೆಣ್ಣುಮಗಳು ಫೋನು ಮಾಡಿದಳು.

“ಅಕ್ಕಾರ, ನಮ್ಮಪ್ಪಗ ನಿದ್ದೀನ ಇಲ್ರಿ. ಮೂರು ವರ್ಷ ಆತು. ಗ್ರಾನೈಟ್ ಕ್ವಾರ್ಯಾಗ ದುಡದು ಕಿವೀನೂ ಮಂದ ಆಗ್ಯಾವ. ಯಾರ ಕೂಡಾನೂ ಮಾತಾಡೂದಿಲ್ಲ. ನಿಮ್ಮ ಕಡೆ ಕರ್ಕೊಂಡ ಬಂದ್ರ ಏನರ ಆರಾಮ ಆಕ್ಕೈತೇನ್ರಿ?”

“ಕಳಸ್ರಿ,” ಎಂದಳು ಶಹನಾಜ. “ನಿಮ್ಮ ಅವ್ವಾರನ್ನೂ ಜೋಡಿ ಕಳಸ್ರಿ. ಗದ್ದಲದಿಂದ ದೂರ ಬಂದು ಸುಮ್ಮ ಕುಂತ್ರ ಅರ್ಧಾ ಬ್ಯಾನಿ ಹೊಕ್ಕೈತಿ.”

ಇನ್ನೇನನ್ನೂ ಅವಳು ಕೇಳಲಿಲ್ಲ.

ಆ ಭಾನುವಾರ ಐದು ಜನ ಸೇರಿದರು. ಬಾಗಲಕೋಟೆಯಿಂದ ಕಟಗೇರಿ ಸರ್ ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಇದಕ್ಕೂ ಮೊದಲು ಒಮ್ಮೆ ಬಂದಿದ್ದವರು. ಹುನಗುಂದದ ಅಕ್ಕತಂಗಿಯರಿಬ್ಬರಿದ್ದರು, ಇಬ್ಬರೂ ಸಾಲಿ ಟೀಚರು. ಕೊನೆಯಲ್ಲಿ ಇಳಕಲ್ಲಿನಿಂದ ದುರಗಪ್ಪ ಮತ್ತು ಅವನ ಹೆಂಡತಿ ಇಂದ್ರವ್ವ ಬಸ್ಸಿನಿಂದ ಇಳಿದರು. ದುರಗಪ್ಪ ಎತ್ತರದ ಆಳು, ಅಗಲ ಹೆಗಲು, ಹೆಗಲ ಮೇಲೊಂದು ಬಿಳಿ ಟವೆಲ್ಲು. ಕಣ್ಣು ಕೆಂಪಗಿದ್ದವು. ಯಾರ ಮುಖವನ್ನೂ ನೋಡಲಿಲ್ಲ. ಅವನಿಗೆ ಏನಾದರೂ ಹೇಳಬೇಕಾದರೆ ಇಂದ್ರವ್ವ ತೋಳು ಹಿಡಿದು, ಬಲಗಿವಿಯ ಹತ್ತಿರ ಬಾಯಿ ತಂದು ಹೇಳುತ್ತಿದ್ದಳು.

“ನಮ್ಮ ಮನಿಯವ್ರು ಬರಾಕ ಒಲ್ಲೆ ಅಂತಿದ್ರು,” ಎಂದು ಅವಳು ಶಹನಾಜಳಿಗೆ ಮೆಲ್ಲಗೆ ಹೇಳಿದಳು. “ಮಗಳು ಹಟಾ ಹಿಡದ್ಲು ಅಂತ ಬಂದಾರ. ಏನರ ಒರಟ ಮಾತಾಡಿದ್ರ ಬ್ಯಾಸರ ಮಾಡ್ಕೊಬ್ಯಾಡ್ರಿ ಅಕ್ಕಾರ.”

ಯುನೂಸ ಎಲ್ಲರನ್ನೂ ಟಂಟಂನಲ್ಲಿ ಗುಡ್ಡದ ಬುಡದವರೆಗೆ ಬಿಟ್ಟ. ಹಿಂದಿನ ವಾರವೆಲ್ಲ ಮಳೆ ಬಿದ್ದಿತ್ತು. ಕೆಂಪು ಬಂಡೆಗಳು ಇನ್ನೂ ಒದ್ದೆಯಾಗಿದ್ದವು. ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗುವ ಕಾರೆಗಂಟಿ, ಕವಳಿಗಂಟಿಯ ಪೊದೆಗಳು ಈಗ ಹಸಿರು ಮೆತ್ತಿಕೊಂಡು ನಿಂತಿದ್ದವು. ಎಲ್ಲೋ ಬೆಳವಹಕ್ಕಿ ಕೂಗುತ್ತಿತ್ತು.

ಶಹನಾಜ ಮುಂದೆ ನಡೆದಳು. ಬಂದರಿಕೆ ಗಿಡದ ಎಲೆ ಕಿತ್ತು ಎಲ್ಲರ ಅಂಗೈಗೂ ಕೊಟ್ಟಳು. ಟೀಚರುಗಳು ಕಣ್ಣು ಮುಚ್ಚಿ ಮೂಸಿದರು. ದುರಗಪ್ಪ ಎಲೆಯನ್ನು ಹಿಡಿದುಕೊಂಡೇ ನಡೆದ. ಕೆಲಸಕ್ಕೆ ಹೊರಟವನ ನಡಿಗೆ ಅವನದು, ನಿಧಾನ ಅವನ ಕಾಲಿಗೆ ಒಗ್ಗುತ್ತಿರಲಿಲ್ಲ. ಒಂದು ಕಡೆ ಮಾತ್ರ ಅವನಾಗಿಯೇ ನಿಂತ. ದಾರಿಯ ಪಕ್ಕ ದೊಡ್ಡದೊಂದು ಬಂಡೆ ನೆಟ್ಟಗೆ ಸೀಳಿಕೊಂಡಿತ್ತು. ಆ ಬಿರುಕಿನೊಳಗೆ ಅಂಗೈ ಇಟ್ಟು, ಮೇಲಿನಿಂದ ಕೆಳಗಿನ ತನಕ ಸವರಿದ. ಕಲ್ಲು ಬಲ್ಲವನ ಕೈ ಅದು. ಶಹನಾಜಳಿಗೆ ಅದನ್ನು ನೋಡಿ ಸಮಾಧಾನವಾಯಿತು, ಈತನಿಗೂ ಇದು ಹಿಡಿಸುತ್ತಿದೆ ಎಂದುಕೊಂಡಳು.

ಕಾಡು ಸ್ವಲ್ಪ ಒತ್ತಾಗುವ ಕಡೆ, ಹಳೆಯ ಆಲದ ಗಿಡದ ಹತ್ತಿರ, ಅವಳು ಎಲ್ಲರನ್ನೂ ನಿಲ್ಲಿಸಿದಳು.

“ಇಲ್ಲಿ ನಿಮಗ ಮನಸಿಗೆ ಬಂದಲ್ಲಿ ಕುಂದರ್ರಿ. ಕಣ್ಣ ಮುಚ್ಚರಿ. ಮೊದಲ ದೂರದ ಸಪ್ಪಳ ಕೇಳ್ರಿ, ಆಮ್ಯಾಲ ಹತ್ತರದ್ದು. ನಾ ಕರಿಯೂ ತನಕ ಯಾರೂ ಮಾತಾಡೂದ ಬ್ಯಾಡ.”

ಇಂದ್ರವ್ವ ಅದನ್ನು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಹೋಗಿ ಒಂದು ಬಂಡೆಯ ಮೇಲೆ ಕೂತ. ಅವಳು ಅವನು ಕಾಣುವಷ್ಟು ದೂರದಲ್ಲಿ, ಗಿಡದ ಬೇರಿನ ಮೇಲೆ ಕೂತಳು.

ಗಾಳಿ ನಿಂತಿತ್ತು. ಬೆಳವವೂ ಸುಮ್ಮನಾಯಿತು. ಇಂಥ ಗಳಿಗೆಗಾಗಿಯೇ ಶಹನಾಜ ಜನರನ್ನು ಇಲ್ಲಿಯ ತನಕ ಕರೆದುಕೊಂಡು ಬರುತ್ತಿದ್ದಳು. ಅವಳೂ ಕಣ್ಣು ಮುಚ್ಚಿದಳು.

“ಸಾಕು!”

ಕೂಗಿಗೆ ಎಲ್ಲರೂ ಬೆಚ್ಚಿಬಿದ್ದರು. ದುರಗಪ್ಪ ಎದ್ದು ನಿಂತಿದ್ದ. ಎರಡೂ ಅಂಗೈಗಳಿಂದ ಕಿವಿ ಒತ್ತಿ ಹಿಡಿದಿದ್ದ. ಹಣೆಯ ಮೇಲೆ ಬೆವರು.

“ಸಾಕ ಮಾಡ್ರಿ ಇದನ್ನ! ಏನ ಮಾಡೀರಿ ನನಗ? ಬಸ್ಸಿನ್ಯಾಗ ಬರೂ ಮುಂದ ಕಮ್ಮಿ ಇತ್ತು. ಈಗ ತಲಿ ತುಂಬ ಅದ ಆಗೇತಿ!”

ಇಂದ್ರವ್ವ ಅವನತ್ತ ಓಡಿದಳು. ಅವನು ಅವಳ ಕೈಯನ್ನು ಕೊಡವಿ, ದಾರಿ ಬಿಟ್ಟು, ಪೊದೆಗಳನ್ನು ತುಳಿದುಕೊಂಡು ಗುಡ್ಡದ ಮೇಲಕ್ಕೆ ಹೊರಟುಬಿಟ್ಟ. ಶಹನಾಜ ಎದ್ದು ನಿಲ್ಲುವಷ್ಟರಲ್ಲಿ ಮರೆಯಾಗಿದ್ದ.

ಆ ದಿಕ್ಕಿನಲ್ಲಿ ಗುಡ್ಡ ಒಮ್ಮೆಲೇ ಮುಗಿಯುತ್ತಿತ್ತು. ಅಂಚಿನಾಚೆ ಕಲ್ಲಿನ ಗೋಡೆ, ಅದರ ಕೆಳಗೆ ಪ್ರಪಾತ. ಅದು ಶಹನಾಜಳಿಗೆ ನೆನಪಾಯಿತು. ಕಟಗೇರಿ ಸರ್ ಅವರನ್ನು ಕೆಳಗೆ ಹೋಗಿ ಯುನೂಸನನ್ನು ಕರೆತರಲು ಕೇಳಿಕೊಂಡಳು. ದುರಗಪ್ಪ ತಿರುಗಿ ಬಂದರೆ ಇರಲಿ ಎಂದು ಟೀಚರುಗಳನ್ನು ಆಲದ ಗಿಡದ ಕೆಳಗೇ ಇರಿಸಿದಳು. ತಾನು ಇಂದ್ರವ್ವನ ಕೈ ಹಿಡಿದು ಮೇಲಕ್ಕೆ ಹತ್ತತೊಡಗಿದಳು.

“ದುರಗಪ್ಪಣ್ಣಾ! ದುರಗಪ್ಪಣ್ಣಾ!”

“ಕೂಗಬ್ಯಾಡ್ರಿ ಅಕ್ಕಾರ,” ಎಂದಳು ಇಂದ್ರವ್ವ. “ಅವರಿಗೆ ಕೇಳಸೂದಿಲ್ಲ.”

ಇದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಶಹನಾಜಳಿಗೆ ನಾಚಿಕೆಯಾಯಿತು. ಕಣ್ಣಿನಿಂದಷ್ಟೇ ಹುಡುಕಬೇಕಿತ್ತು. ಮುರಿದ ಟೊಂಗೆ, ಒದ್ದೆ ಮಣ್ಣಿನ ಮೇಲಿನ ಹೆಜ್ಜೆ ಗುರುತು ನೋಡುತ್ತ ಹತ್ತಿದರು.

“ಅಕ್ಕಾರ, ‘ಅದ ಆಗೇತಿ’ ಅಂದ್ರಲ್ಲ, ಏನದು?” ಎಂದು ಶಹನಾಜ ಕೇಳಿದಳು.

“ಗೊತ್ತಿಲ್ರಿ. ಕಿವ್ಯಾಗ ಏನೋ ಸಪ್ಪಳ ಆಕ್ಕೈತಿ ಅಂತ ಡಾಕ್ಟರ ಮುಂದ ಒಮ್ಮಿ ಹೇಳಿದ್ರು. ಎಂಥಾ ಸಪ್ಪಳ ಅಂತ ನಮಗ ಹೇಳಿಲ್ಲ. ಬಾಯಿ ಬಿಡೂದಿಲ್ಲ ಅವ್ರು.”

ಸ್ವಲ್ಪ ದೂರ ಹತ್ತಿದ ಮೇಲೆ ಇಂದ್ರವ್ವ ತಾನಾಗಿಯೇ ಹೇಳಿದಳು. ಅವಳಿಗೊಬ್ಬ ತಮ್ಮನಿದ್ದ, ಹುಲ್ಲಪ್ಪ. ದುರಗಪ್ಪನೇ ಅವನನ್ನು ಕ್ವಾರಿಯ ಕೆಲಸಕ್ಕೆ ಹಚ್ಚಿದ್ದ. ದುರಗಪ್ಪ ಅಲ್ಲಿ ಮೇಸ್ತ್ರಿ. ಕಲ್ಲಿಗೆ ಮದ್ದು ಹಾರಿಸುವ ಮುಂಚೆ ಸೀಟಿ ಊದಿ ಎಲ್ಲರನ್ನೂ ದೂರ ಕಳಿಸುವುದು ಅವನ ಜವಾಬ್ದಾರಿ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮದ್ದು ಹಾರಿದಾಗ ಹುಲ್ಲಪ್ಪ ಕಲ್ಲಿನ ಮರೆಯಲ್ಲಿ ಉಣ್ಣುತ್ತ ಕೂತಿದ್ದ. ಅವನು ಉಳಿಯಲಿಲ್ಲ. ದುರಗಪ್ಪನ ಕಿವಿ ಹೋದದ್ದೂ ಅದೇ ದಿನ.

“ಸೀಟಿ ಕೇಳಸಲಿಲ್ಲ ಅಂತ ಒಬ್ಬಿಬ್ಬರು ಅಂದ್ರು. ದುರಗಪ್ಪ ಸೀಟಿ ಊದಲೇ ಇಲ್ಲ ಅಂತ ಊರಾಗ ಮಾತಾತು,” ಎಂದಳು ಇಂದ್ರವ್ವ. “ನಾ ಕೇಳಲಿಲ್ಲ, ಅವ್ರು ಹೇಳಲಿಲ್ಲ. ಹುಲ್ಲಪ್ಪನ ಹೆಸರ ನಮ್ಮ ಮನ್ಯಾಗ ಯಾರೂ ತಗಿಯೂದಿಲ್ರಿ.”

ಕಾರೆಮುಳ್ಳಿಗೆ ಸಿಕ್ಕಿಕೊಂಡು ಬಿಳಿ ಟವೆಲ್ಲು ಜೋತಾಡುತ್ತಿತ್ತು. ಇಂದ್ರವ್ವ ಅದನ್ನು ಬಿಡಿಸಿಕೊಂಡಳು. ಅಲ್ಲಿಂದ ನೀರಿನ ಸದ್ದು ಕೇಳಿಸುತ್ತಿತ್ತು. ಮಳೆಗಾಲದಲ್ಲಷ್ಟೇ ಬಂಡೆಯ ಮೇಲಿನಿಂದ ಧುಮುಕುವ ಸಣ್ಣ ಜಲಧಾರೆಯೊಂದು ಆ ಕಡೆ ಇತ್ತು. ಹಿಂದಿನ ವಾರದ ಮಳೆಗೆ ಅದು ಮೈತುಂಬಿ ಸುರಿಯುತ್ತಿತ್ತು. ಹತ್ತಿರ ಹೋದಷ್ಟೂ ಸದ್ದು ಹೆಚ್ಚಾಗಿ, ಕೊನೆಗೆ ಒಬ್ಬರ ಮಾತು ಒಬ್ಬರಿಗೆ ಕೇಳದಂತಾಯಿತು.

ದುರಗಪ್ಪ ಅಲ್ಲಿದ್ದ. ಧಾರೆಯ ಪಕ್ಕದಲ್ಲಿ, ಮೇಲಿನ ಬಂಡೆ ಮುಂದಕ್ಕೆ ಚಾಚಿ ಸೂರಿನಂತಾದ ಕಡೆ, ಮೈಚಾಚಿ ಮಲಗಿದ್ದ. ಒಂದು ಕೈ ಎದೆಯ ಮೇಲಿತ್ತು, ಇನ್ನೊಂದು ಬಂಡೆಯಿಂದ ಕೆಳಗೆ ಇಳಿಬಿದ್ದಿತ್ತು. ಶಹನಾಜ ಮುಂದೆ ಹೋಗಿ ಮೊಣಕಾಲೂರಿ ಕೂತು, ಅವನ ಎದೆ ನೋಡಿದಳು, ಮಣಿಕಟ್ಟಿನ ಮೇಲೆ ಹಗುರಾಗಿ ಬೆರಳಿಟ್ಟಳು. ನಾಡಿ ಒಂದೇ ಸಮ ಹೊಡೆಯುತ್ತಿತ್ತು. ಉಸಿರು ಆಳವಾಗಿ, ನಿಧಾನವಾಗಿ ಬರುತ್ತಿತ್ತು. ಬಾಯಿ ಅರ್ಧ ತೆರೆದಿತ್ತು.

ಅವನು ನಿದ್ದೆ ಹೋಗಿದ್ದ.

ಶಹನಾಜ ತಿರುಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು ತೋರಿಸಿದಳು. ಇಂದ್ರವ್ವ ನಂಬದವಳ ಹಾಗೆ ಹತ್ತಿರ ಬಂದು ಬಗ್ಗಿ ನೋಡಿದಳು. ಗಂಡನ ಗೊರಕೆ ಕೇಳಿ ಎಷ್ಟೋ ಕಾಲವಾಗಿತ್ತು. ಅಲ್ಲೇ ಕುಸಿದು ಕೂತು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಯುನೂಸ ಮತ್ತು ಕಟಗೇರಿ ಸರ್ ಟೀಚರುಗಳನ್ನೂ ಜೊತೆಗೆ ಕರೆದುಕೊಂಡು ಓಡೋಡಿ ಬಂದರು. ಶಹನಾಜ ಬೆರಳನ್ನು ತುಟಿಗಿಟ್ಟು ತಡೆದಳು. ನೀರು ಅಷ್ಟು ಜೋರಾಗಿ ಬೀಳುತ್ತಿರುವಾಗ, ಅದೂ ಕಿವಿ ಮಂದವಾದವನ ಮುಂದೆ, ಬೆರಳಿಡುವ ಅಗತ್ಯವೇ ಇರಲಿಲ್ಲ. ಆದರೂ ಎಲ್ಲರೂ ಹೆಜ್ಜೆ ಹಗುರ ಮಾಡಿ ಬಂದು ಕೂತರು. ದುರಗಪ್ಪ ಹೊರಳಿದರೆ ಅಂಚಿನಿಂದ ಕೆಳಗೆ ಬೀಳಬಹುದಿತ್ತು. ಯುನೂಸ ಹೋಗಿ ಆ ಬದಿಗೆ ಅಡ್ಡಲಾಗಿ ಕೂತ.

ಹೊತ್ತು ಏರಿತು. ನಡಿಗೆ ಮುಗಿದು ಎಲ್ಲರೂ ಊರಿಗೆ ಹಿಂತಿರುಗಬೇಕಾದ ಸಮಯವೂ ದಾಟಿತು. ನೀವು ಹೊರಡಬಹುದು ಎಂದು ಶಹನಾಜ ಸನ್ನೆ ಮಾಡಿದಳು. ಹಿರಿಯ ಟೀಚರು ಇಲ್ಲವೆಂದು ತಲೆಯಾಡಿಸಿ, ಸೆರಗು ಹೊದ್ದು ಇನ್ನಷ್ಟು ಗಟ್ಟಿಯಾಗಿ ಕೂತರು. ನೀರಿನ ತುಂತುರು ಎಲ್ಲರ ಮುಖಕ್ಕೂ ಬಡಿಯುತ್ತಿತ್ತು. ಯಾರಿಗೂ ಏನೂ ಹೇಳಿಕೊಡದೆ, ಯಾವ ಎಲೆಯನ್ನೂ ಮೂಸಿಸದೆ, ಗುರುತಿಲ್ಲದ ಒಬ್ಬ ಮನುಷ್ಯನ ನಿದ್ದೆಯನ್ನು ಕಾಯುತ್ತ ಐದಾರು ಜನ ಕೂತಿದ್ದರು.

ಶಹನಾಜ ತನ್ನ ಮೇಲೆಯೇ ಸಿಟ್ಟಾಗಿದ್ದಳು. ದವಾಖಾನೆಯಲ್ಲಿ ಒಂದು ಗುಳಿಗೆ ಕೊಡುವ ಮೊದಲು ರೋಗಿಯನ್ನು ನಾಲ್ಕು ಮಾತು ಕೇಳುತ್ತಿದ್ದವಳು, ಇಲ್ಲಿ ಮೌನವನ್ನು ಏನೂ ಕೇಳದೆಯೇ ಕೊಟ್ಟುಬಿಟ್ಟಿದ್ದಳು. ಹೊರಗಿನ ಸದ್ದು ನಿಂತ ಕೂಡಲೇ ಈತನಿಗೆ ಒಳಗಿನ ಸದ್ದು ಶುರುವಾಗಿದೆ. ಈ ನೀರು ಅದನ್ನು ಮುಚ್ಚಿದೆ. ಅಷ್ಟಕ್ಕೇ ಕಣ್ಣು ಮುಚ್ಚಿವೆ.

ಬಿಸಿಲು ಬಂಡೆಯ ಸೂರಿನೊಳಕ್ಕೆ ಬಂದು ಅವನ ಮುಖದ ಮೇಲೆ ಬಿದ್ದಾಗ ದುರಗಪ್ಪ ಎಚ್ಚರಾದ. ಸುತ್ತ ಕೂತವರನ್ನು ನೋಡಿ ಗಾಬರಿಯಿಂದ ಎದ್ದು ಕೂತ. ಮುಖ ಬಾಡಿತು. ಎಲ್ಲರಿಗೂ ಕೈ ಮುಗಿದ.

“ತಪ್ಪ ತಿಳಕೋಬ್ಯಾಡ್ರಿ,” ಎಂದ. ತನ್ನ ದನಿ ತನಗೇ ಕೇಳದ್ದರಿಂದ ಕೂಗಿಯೇ ಹೇಳಿದ. “ತಡಕೊಳ್ಳಾಕ ಆಗಲಿಲ್ಲ.”

ಇಂದ್ರವ್ವ ಅವನ ಪಕ್ಕ ಹೋಗಿ ಕೂತು, ಬಲಗಿವಿಗೆ ಬಾಯಿ ಹಚ್ಚಿದಳು. ನೀರಿನ ಸದ್ದಿನಲ್ಲಿ ಅದು ಅವನಿಗೆ ಕೇಳಲಿಲ್ಲ. ಅವಳು ದನಿ ಏರಿಸಬೇಕಾಯಿತು. ಗಂಡಹೆಂಡತಿ ಮೂರು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತನ್ನು ಅವತ್ತು ಗುರುತಿಲ್ಲದವರ ಮುಂದೆ ಕೂಗಿ ಆಡಬೇಕಾಗಿ ಬಂತು.

“ಏನ ಕೇಳಸ್ತೈತಿ ನಿಮಗ? ಕಿವ್ಯಾಗ ಏನ ಕೇಳಸ್ತೈತಿ ಹೇಳ್ರಿ!”

ಅವನು ನೀರನ್ನೇ ನೋಡುತ್ತ ಕೂತ. ಅವಳು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

“ಹೇಳ್ರಿ!”

“ಸೀಟಿ,” ಎಂದ ದುರಗಪ್ಪ. “ಸೀಟಿ, ಇಂದ್ರಾ. ಅವತ್ತ ಊದಿದ ಸೀಟಿ. ಅದು ನಿಂತಿಲ್ಲ.”

ಇಂದ್ರವ್ವ ಇನ್ನಷ್ಟು ಹತ್ತಿರ ಸರಿದು ಕೂತಳು.

“ಮದಲ ಊದಿನಿ. ಎಲ್ಲಾರೂ ಓಡಿದ್ರು. ಮಂದಿ ಎಣಿಸಿದ್ರ ಹುಲ್ಲಪ್ಪ ಇಲ್ಲ. ನೋಡಿದ್ರ ಆ ಕಲ್ಲಿನ ಮರಿಗೆ ಬೆನ್ನ ಕಾಣ್ತು. ಬುತ್ತಿ ಬಿಚ್ಚಿಕೊಂಡು ಕುಂತಿದ್ದ. ಅಷ್ಟೊತ್ತಿಗೆ ಮದ್ದಿನ ಬತ್ತಿಗೆ ಬೆಂಕಿ ಹತ್ತಿತ್ತು. ನಾ ಸೀಟಿ ಬಾಯಾಗ ಇಟ್ಕೊಂಡು ಊದ್ಕೋತ ಅವನ ಕಡೆ ಓಡಿದ್ನಿ. ತಿರಗಿ ನೋಡಲಿಲ್ಲ ಅವ. ಇಷ್ಟ ಊದಿದ್ರೂ ತಿರಗಿ ನೋಡಲಿಲ್ಲ. ಅಷ್ಟರಾಗ ಹಾರಿತು.” ಅವನು ಉಸಿರು ತೆಗೆದುಕೊಂಡ. “ಅವತ್ತಿನಿಂದ ಉಳದ ಸಪ್ಪಳೆಲ್ಲ ಹೋದುವು. ಅದೊಂದ ಉಳಿತು. ಹಗಲೆಲ್ಲ ಮಂದ್ಯಾಗ ಕಮ್ಮಿ ಇರ್ತೈತಿ. ಮನಿ ಸುಮ್ಮ ಆತಂದ್ರ ಚಾಲೂ ಆಕ್ಕೈತಿ. ಊದಲಿಲ್ಲ ಅಂತಾರ ಮಂದಿ. ನೀನೂ ಹಂಗ ತಿಳದಿ ಅಂತ ನನಗ ಗೊತ್ತೈತಿ.”

“ಯಾರ ಹೇಳಿದ್ರು ನಿಮಗ ಹಂಗಂತ?” ಇಂದ್ರವ್ವ ಕೂಗಿದಳು. “ಅವನಿಗೆ ಕೇಳಸ್ತಿರಲಿಲ್ರಿ! ನನ್ನ ತಮ್ಮಗ ಕೇಳಸ್ತಿರಲಿಲ್ಲ! ಡ್ರಿಲ್ ಮಿಷಿನ್ ಹಿಡದು ಹಿಡದು ಅವನ ಕಿವಿ ಎಂದೋ ಹೋಗಿದ್ದುವು. ಹಿತ್ತಲದಾಗಿಂದ ಕರದ್ರ ಓ ಅಂತಿರಲಿಲ್ಲ. ಟಿವಿ ಅಷ್ಟ ದೊಡ್ಡದಾಗಿ ಹಚ್ಚತಾನ ಅಂತ ಮಕ್ಕಳು ನಗತಿದ್ವು. ತವರಮನ್ಯಾಗ ನಮಗ ಗೊತ್ತಿತ್ತು. ಅದು ಇಷ್ಟ ದೊಡ್ಡ ಮಾತು ಅಂತ ಯಾರಿಗೆ ಗೊತ್ತಿತ್ತ್ರಿ? ನೀವು ಊದೀರಿ. ನೀವು ಊದೇ ಊದಿರ್ತೀರಿ ಅಂತ ನನಗ ಅವತ್ತ ಗೊತ್ತಿತ್ತು.”

“ಮತ್ತ ಯಾಕ ಒಂದ ಮಾತ ಕೇಳಲಿಲ್ಲ ನೀ?”

“ಕೇಳಿದ್ರ ನಂಬಿಲ್ಲ ಅಂತ ತಿಳಕೊಂತೀರಿ ಅಂತ ಕೇಳಲಿಲ್ಲ!”

ದುರಗಪ್ಪ ಹೆಂಡತಿಯ ಕೈಯಲ್ಲಿದ್ದ ಟವೆಲ್ಲನ್ನು ತೆಗೆದುಕೊಂಡು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿದ್ದವು. ಕಟಗೇರಿ ಸರ್ ಎದ್ದು, ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡರು. ಚಿಕ್ಕ ಟೀಚರು ಅಕ್ಕನ ತೋಳು ಹಿಡಿದು ಕೂತಿದ್ದರು. ಯುನೂಸ ತಲೆ ತಗ್ಗಿಸಿ ತುಟಿಯಲ್ಲೇ ಏನೋ ದುವಾ ಹೇಳಿಕೊಳ್ಳುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಶಹನಾಜ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಇಬ್ಬರಿಗೂ ಕೊಟ್ಟಳು. ಅಷ್ಟು ಹೊತ್ತಿಗೆ ಅದು ತಣ್ಣಗಾಗಿತ್ತು. ದುರಗಪ್ಪ ಅದನ್ನು ಕುಡಿದು, “ಎಷ್ಟ ಹೊತ್ತ ಮಲಗಿದ್ನಿ?” ಎಂದು ಕೇಳಿದ. ಸೂರ್ಯ ಎಲ್ಲಿದ್ದಾನೆಂದು ಇಂದ್ರವ್ವ ಕೈ ಮಾಡಿ ತೋರಿಸಿದಳು. ಅವನು ನಂಬಲಾರದೆ ಆಕಾಶ ನೋಡಿದ.

ಇಳಿಯುವಾಗ ನೀರಿನ ಸದ್ದು ಹಿಂದೆ ಸರಿದ ಮೇಲೆ ಶಹನಾಜ ಇಂದ್ರವ್ವನನ್ನು ಕೇಳಿದಳು, “ಅಕ್ಕಾರ, ಮನ್ಯಾಗ ನೀವು ಏನ ಕೆಲಸ ಮಾಡ್ತೀರಿ? ಸಪ್ಪಳ ಆಗೂವಂಥಾದ್ದು ಏನರ ಐತಿ?”

“ನೇಕಾರ ಮನಿಗಳಿಗೆ ನೂಲಿನ ಕಂಡಿಕಿ ಸುತ್ತಿ ಕೊಡ್ತೇನ್ರಿ. ರಾಟಿ ಐತಿ. ಇವರಿಗೆ ತ್ರಾಸ ಆಗಬಾರದು ಅಂತ ಬಾಜೂ ಮನಿ ಕಟ್ಟಿ ಮ್ಯಾಲ ಇಟ್ಟೇನಿ. ಮೊಮ್ಮಕ್ಕಳಿಗೂ ಗದ್ದಲಾ ಮಾಡಬ್ಯಾಡ್ರಿ ಅಂತ ಬೈತೇನಿ. ಫ್ಯಾನ್ ಸುದ್ದಾ ಹಚ್ಚೂದಿಲ್ರಿ.” ಹೇಳುತ್ತ ಹೇಳುತ್ತ ಇಂದ್ರವ್ವ ನಿಂತುಬಿಟ್ಟಳು. “ಅಯ್ಯ ಶಿವನೇ. ನಾವ ಮನಿ ಸುಮ್ಮ ಮಾಡಿದ್ವಿ.”

“ನಾನೂ ಅದನ್ನ ಮಾಡಿದ್ನಿ ಇವತ್ತ,” ಎಂದಳು ಶಹನಾಜ. “ರಾಟಿ ಒಳಗ ತರ್ರಿ. ಅವರ ಹಾಸಿಗಿ ಹತ್ತರ ಕುಂತು ಸುತ್ತರಿ. ಕಿವಿ ಡಾಕ್ಟರಿಗೂ ಇನ್ನೊಮ್ಮಿ ತೋರಸ್ರಿ. ಆದ್ರ ಎಂಥಾ ಸಪ್ಪಳ, ಯಾವಾಗ ಹೆಚ್ಚ ಆಕ್ಕೈತಿ, ಎಲ್ಲಾ ಬಿಚ್ಚಿ ಹೇಳ್ರಿ.”

ಆ ವಾರವೇ ರಾಟಿ ಮನೆಯೊಳಗೆ ಬಂತು. ಅದು ಒಂದೇ ಸಮನೆ ಗುಂಯ್‌ಗುಡುವ ಹೊತ್ತಿನಲ್ಲಿ ದುರಗಪ್ಪ ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ, ಕೆಲವು ಸಲ ನಿದ್ದೆ ಹತ್ತುತ್ತದೆ, ಕೆಲವು ಸಲ ಇಲ್ಲ ಎಂದು ಶಿವಲೀಲಾ ಫೋನಿನಲ್ಲಿ ಹೇಳಿದಳು. ಕಿವಿಯ ನರಕ್ಕೆ ಪೆಟ್ಟಾಗಿದೆ, ಆ ಸದ್ದು ಪೂರ್ತಿ ಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಲಗಿವಿಗೆ ಒಂದು ಮಿಷಿನ್ನು ಕೊಟ್ಟರು. ಈ ಕಡೆ ಶಹನಾಜ ನಡಿಗೆಗೆ ಬರುವವರ ಜೊತೆ ಮೊದಲೇ ಕೂತು ಮಾತಾಡತೊಡಗಿದಳು. ಮೌನ ಬೇಡವಾದವರನ್ನು ನೀರಿರುವ ಕಡೆ, ಗಾಳಿ ಆಡುವ ಕಡೆ ಕೂರಿಸುತ್ತಿದ್ದಳು. ಮಾತು ಬೇಕಾದವರ ಜೊತೆ ಮಾತಾಡುತ್ತ ನಡೆಯುತ್ತಿದ್ದಳು.

ಚಳಿಗಾಲದಲ್ಲಿ ಯುನೂಸನ ನೆಂಟರ ಮದುವೆ ಇಳಕಲ್ಲಿನಲ್ಲಿತ್ತು. ಮದುವೆ ಊಟ ಮುಗಿಸಿ ಗಂಡಹೆಂಡತಿ ದುರಗಪ್ಪನ ಮನೆಗೆ ಹೋದರು. ದುರಗಪ್ಪ ಮೊದಲಿಗಿಂತ ತುಂಬಿಕೊಂಡಿದ್ದ, ಮುಖ ನೋಡಿ ಮಾತಾಡುತ್ತಿದ್ದ. ಇಂದ್ರವ್ವ ಅವಲಕ್ಕಿ ಹಚ್ಚಿ ಕೊಟ್ಟಳು. ತಿಂದು ಮುಗಿದ ಮೇಲೆ ದುರಗಪ್ಪ ಹೇಳಿದ, “ಅಕ್ಕಾರ, ಒಂದ ಜಾಗಾಕ್ಕ ಹೋಗೂದೈತಿ. ನಾವಿಬ್ಬರ ಹೋಗಾಕ ಧೈರ್ಯ ಸಾಲವಲ್ದು. ನೀವು ಮುಂದ ನಡೀರಿ, ನಿಮ್ಮ ಅಡವ್ಯಾಗ ನಡದಂಗ, ನಾವ ಹಿಂದ ಬರ್ತೇವಿ.”

ಯಾವ ಜಾಗವೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಯುನೂಸ ಟಂಟಂನಲ್ಲಿ ಅವರನ್ನು ಊರ ಹೊರಗೆ ಬಿಟ್ಟ. ಆ ಕ್ವಾರಿಯಲ್ಲಿ ಈಗ ಕೆಲಸ ನಡೆಯುತ್ತಿರಲಿಲ್ಲ. ಕಲ್ಲು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತು ಕಡುಹಸಿರಾಗಿತ್ತು. ಒಡೆದ ಕಲ್ಲುಗಳ ಸಂದಿಯಲ್ಲಿ ಬೇವಿನ ಸಸಿ, ಬಂದರಿಕೆ, ಹೆಸರಿಲ್ಲದ ಹುಲ್ಲು ಎದ್ದಿದ್ದವು. ಶಹನಾಜ ಮುಂದೆ ನಡೆದಳು, ಕಾಡಿನಲ್ಲಿ ನಡೆಯುವಷ್ಟೇ ನಿಧಾನವಾಗಿ. ಹಿಂದಿನಿಂದ ಎರಡು ಜೋಡಿ ಚಪ್ಪಲಿಯ ಸದ್ದು ಬರುತ್ತಿತ್ತು. ಅದು ನಿಂತಾಗ ಅವಳೂ ನಿಂತಳು. ಮತ್ತೆ ಶುರುವಾದಾಗ ನಡೆದಳು.

ಗುಂಡಿಯ ಅಂಚಿಗೆ ಬಂದಾಗ ಅಲ್ಲಿ ಏನೇನೂ ಸದ್ದಿರಲಿಲ್ಲ. ಶಹನಾಜ ತಿರುಗಿ ದುರಗಪ್ಪನ ಮುಖ ನೋಡಿದಳು.

“ಐತ್ರಿ,” ಎಂದ ಅವನು, ಅವಳು ಕೇಳುವ ಮೊದಲೇ. “ಜೋರ ಐತಿ. ಇರ್ಲಿ.”

“ಎಲ್ಲಿ ಕುಂತಿದ್ದ ಅವ?” ಎಂದು ಇಂದ್ರವ್ವ ಕೇಳಿದಳು.

ದುರಗಪ್ಪ ಕೈ ಚಾಚಿ ತೋರಿಸಿದ. ಮನೆಯ ಗೋಡೆಯಷ್ಟು ಎತ್ತರದ ಕೆಂಪು ಕಲ್ಲೊಂದು ಓರೆಯಾಗಿ ನಿಂತಿತ್ತು. ಇಂದ್ರವ್ವ ಒಬ್ಬಳೇ ಆ ಕಡೆ ನಡೆದು, ಕಲ್ಲಿನ ಮರೆಗೆ ಹೋಗಿ, ಬೆನ್ನು ಆನಿಸಿ ಕೂತಳು. ಸುತ್ತ ನೋಡಿದಳು, ತಲೆಯೆತ್ತಿ ಮೇಲೆ ನೋಡಿದಳು. ದುರಗಪ್ಪ ಹಿಂದೆಯೇ ಹೋಗಿ ಅವಳೆದುರು ನಿಂತ.

“ಉಣ್ಣಾಕ ಛಲೋ ಜಾಗಾನ ಹುಡಿಕ್ಯಾನ ನೋಡ್ರಿ,” ಎಂದಳು ಇಂದ್ರವ್ವ. “ತಂಪ ನೆಳ್ಳೈತಿ.”

“ಅವಂಗ ಬಿಸಲಂದ್ರ ಆಗ್ತಿರಲಿಲ್ಲ,” ಎಂದ ದುರಗಪ್ಪ. “ಹತ್ತ ಸಲ ಬೈತಿದ್ನಿ, ನೆಳ್ಳಿಗೆ ಓಡಿ ಹೊಕ್ಕಾನಂತ.”

“ಸಣ್ಣಾಂವ ಇದ್ದಾಗೂ ಹಂಗ. ಹೊಲಕ್ಕ ಕರ್ಕೊಂಡ ಹೋದ್ರ ಎತ್ತಿನ ಹೊಟ್ಟಿ ಕೆಳಗ ಕುಂದರ್ತಿದ್ದ, ನೆಳ್ಳೈತಿ ಅಂತ.”

ದುರಗಪ್ಪ ನಕ್ಕ. ನಗುತ್ತಲೇ ಅವಳ ಪಕ್ಕದಲ್ಲಿ ಕೂತ. ಇಂದ್ರವ್ವ ಮತ್ತೇನೋ ಹೇಳಿದಳು, ಅವನು ಬಲಗಿವಿಯನ್ನು ಅವಳತ್ತ ಬಾಗಿಸಿದ. ಹುಲ್ಲಪ್ಪನ ಹೆಸರು ಎರಡು ಸಲ, ಮೂರು ಸಲ ಕೇಳಿಬಂತು. ಶಹನಾಜ ಅಲ್ಲಿ ನಿಲ್ಲಲಿಲ್ಲ. ಸದ್ದಾಗದಂತೆ ಕಲ್ಲುಗಳ ನಡುವೆ ಹೆಜ್ಜೆ ಹಾಕುತ್ತ, ಯುನೂಸ ಕಾಯುತ್ತಿದ್ದ ಕಡೆಗೆ ನಡೆದಳು.